ಮಾಳಿಗೆಯ ಮೇಲಿನ ನಿಂಬೆ

ನಾನು ಒಂದು ಗಿಡ್ಡ ತಳಿಯ ನಿಂಬೆಗಿಡ. ಬೇರು ಕಾಡುನಿಂಬೆಯದು, ಮೇಲಿನ ಟೊಂಗೆ ಒಳ್ಳೆಯ ಜಾತಿಯ ತಾಯಿಗಿಡದ್ದು. ಇಂಡಿ ಊರಿನ ಹತ್ತಿರದ ನರ್ಸರಿಯೊಂದರಲ್ಲಿ ಒಬ್ಬ ಹೆಂಗಸು ಎರಡನ್ನೂ ಓರೆಯಾಗಿ ಕೊಯ್ದು, ಗಾಯಕ್ಕೆ ಗಾಯ ಹೊಂದಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಸಿ ಕಟ್ಟಿದಳು. ಗಾಯ ಮಾಯುವಷ್ಟರಲ್ಲಿ ನಾವಿಬ್ಬರೂ ಒಬ್ಬರಾಗಿದ್ದೆವು.

ನನ್ನನ್ನು ಕೊಂಡವಳು ಶಿವಲೀಲಾ, ಬಸ್ ಕಂಡಕ್ಟರ್. ತನ್ನ ಸೀಟಿನ ಪಕ್ಕದಲ್ಲೇ ನಿಲ್ಲಿಸಿಕೊಂಡು ವಿಜಯಪುರಕ್ಕೆ ತಂದಳು. ಟಿಕೆಟ್ ಕೊಡುತ್ತ ಹಿಂದೆ ಹೋದಾಗಲೆಲ್ಲ ಅಲ್ಲಿಂದಲೇ ಕೂಗುವಳು: “ಯಪ್ಪಾ, ಕಾಲು ಸರಿಸಿ ಕುಂದ್ರು, ಅಲ್ಲಿ ಗಿಡ ಐತಿ!”

ಅವಳೂ ಗಂಡ ಚನ್ನಮಲ್ಲಪ್ಪನೂ ಹಾಜರಾಬಿಯ ಮನೆಯ ಮಾಳಿಗೆಯ ಮೇಲೆ ಬಾಡಿಗೆಗಿದ್ದರು. ಅಲ್ಲಿ ಸಿಮೆಂಟಿನ ಕುಂಡವೊಂದರಲ್ಲಿ ಕೆಂಪು ಮಣ್ಣು, ಉಸುಕು, ಕಳಿತ ಸೆಗಣಿ ಗೊಬ್ಬರ ಕಲಸಿ ಶಿವಲೀಲಾ ನನಗೆ ಮನೆ ಮಾಡಿದಳು. ಕಸಿಯ ಗಂಟಿನ ಕೆಳಗೆ ಕಾಡುಚಿಗುರು ಬಂದರೆ ಚಿವುಟಿ ಹಾಕುವಳು. ಬಿಟ್ಟರೆ ಅದು ಮೇಲಿನ ಟೊಂಗೆಯನ್ನೇ ನುಂಗಿಬಿಡುತ್ತಿತ್ತು. ಮೊದಲ ಹೂ ಬಿಟ್ಟಾಗ ಗಂಡನನ್ನು ಕರೆದಳು. ಲೇತ್ ಮಶೀನಿನ ಎಣ್ಣೆ ಹತ್ತಿದ ಕೈ ಒರೆಸುತ್ತ ಬಂದ ಅವನು “ವಾಸನಿ ಚಲೋ ಐತಿ” ಎಂದು ಒಳಗೆ ಹೋದ. ಗಿಡದ ಉಸಾಬರಿ ಅವನದಾಗಿರಲಿಲ್ಲ.

ಕೆಲವು ವರ್ಷ ಚೆನ್ನಾಗಿ ಕಾಯಿ ಕೊಟ್ಟೆ. ಆಮೇಲೆ ಶಿವಲೀಲಾಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಇನ್ನು ಆಗುವುದೇನೂ ಇಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದರು. ಅವಳ ಮಂಚ ಬಾಗಿಲ ಬಳಿ, ನನ್ನ ಎದುರಿಗೆ ಬಂತು. ಅನ್ನದ ವಾಸನೆಯನ್ನೂ ಅವಳಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ನನ್ನ ಎಲೆಯೊಂದನ್ನು ಹಿಸುಕಿ ಮೂಗಿಗೆ ಹಿಡಿದುಕೊಂಡು ಮಲಗುತ್ತಿದ್ದಳು. ಚನ್ನಮಲ್ಲಪ್ಪ ಗಂಜಿಯ ಬಟ್ಟಲು ಹಿಡಿದು ಕೂತೇ ಇರುತ್ತಿದ್ದ.

“ಇನ್ನೊಂದ್ ಚಮಚ.”

“ಸಾಕ್ರೀ.”

“ಇದೊಂದs ಒಂದು.”

ಅವಳು ಮುಖವನ್ನು ಗೋಡೆಗೆ ತಿರುಗಿಸಿದರೆ ಚಮಚ ಆ ಕಡೆಗೂ ಹೋಗುತ್ತಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ಅವಳು ತೀರಿಕೊಂಡಳು. ಬಂದ ನೆಂಟರು ಹೋದರು. ಚನ್ನಮಲ್ಲಪ್ಪ ನನಗೆ ನೀರು ಹಾಕತೊಡಗಿದ. ಎದ್ದಕೂಡಲೇ ಒಂದು ಕೊಡ, ಕೆಲಸದಿಂದ ಬಂದಮೇಲೆ ಇನ್ನೊಂದು, ನಿದ್ದೆ ಬಾರದಿದ್ದರೆ ಮತ್ತೊಂದು. ಕುಂಡದ ತಳದ ತೂತು ಕಟ್ಟಿಕೊಂಡಿತು. ಬೇರು ಕೊಳೆಯುತ್ತ ಬಂತು, ನೀರಿನ ನಡುವೆಯೇ ನನಗೆ ಉಸಿರು ಕಟ್ಟಿತು. ಎಲೆ ಹಳದಿಯಾಗಿ ಉದುರಿದಷ್ಟೂ ಅವನು ಹೆಚ್ಚು ನೀರು ಸುರಿದ.

ಬಟ್ಟೆ ಒಣಹಾಕಲು ಮೇಲೆ ಬಂದ ಹಾಜರಾಬಿ ನಿಂತು ನೋಡಿದಳು.

“ಏನ್ ಮಾಡಾಕತ್ತೀರಿ ಅಣ್ಣಾ?”

“ಆಕಿ ಗಿಡ ಒಣಗಾಕತ್ತೈತಿ, ಆಪಾ.”

“ಒಣಗಾಕತ್ತಿಲ್ಲ. ಮುಳುಗಾಕತ್ತೈತಿ.”

ಇಬ್ಬರೂ ಕುಂಡ ಒರಗಿಸಿ ನನ್ನನ್ನು ಹೊರಗೆಳೆದರು. ಕಪ್ಪಾದ ಬೇರುಗಳನ್ನು ಕತ್ತರಿಸಿ, ಟೊಂಗೆಗಳನ್ನೂ ಮೊಟಕು ಮಾಡಿ, ಹೊಸ ಮಣ್ಣಿನಲ್ಲಿ ನಿಲ್ಲಿಸಿ, ನೆರಳಿಗೆ ಸರಿಸಿದರು.

“ಬೆರಳು ತೂರಿಸಿ ನೋಡ್ರಿ. ಒಳಗ ಹಸಿ ಇದ್ರ ನೀರು ಹಾಕಬ್ಯಾಡ್ರಿ.”

“ಮತ್ತ ನಾ ಏನ್ ಮಾಡ್ಲಿ?”

“ಏನೂ ಮಾಡಬ್ಯಾಡ್ರಿ. ಸುಮ್ಮ ಕುಂದ್ರಿ.”

ಅವನಿಗೆ ಅದೇ ಕಷ್ಟವಾಯಿತು. ಕೊಡದ ಹತ್ತಿರ ಹೋಗುವುದು, ತಿರುಗಿ ಬರುವುದು. ಕೊನೆಗೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನನ್ನೆದುರು ಕೂತುಬಿಡುವುದು. ಹಾಗೆ ಕೂತಿದ್ದ ಒಂದು ಸಂಜೆ, ಬಟ್ಟೆ ತೆಗೆಯುತ್ತಿದ್ದ ಹಾಜರಾಬಿಗೆ ಹೇಳಿದ:

“ಆಪಾ, ಆಕಿಗೂ ಹಿಂಗs ಮಾಡಿದೆ. ಸಾಕು ಅಂದ್ಲು. ನಾ ಕೇಳಲಿಲ್ಲ.”

“ಆಕಿ ನನ್ನ ಮುಂದ ಹೇಳಿದ್ಲು.”

ಅವನು ತಲೆ ಎತ್ತಲಿಲ್ಲ.

“ಸಿಟ್ಟಿಲೆ ಹೇಳಲಿಲ್ಲ ಅಣ್ಣಾ. ‘ಆ ಚಮಚ ಕಸಗೊಂಡ್ರ ಇವರು ಬಿದ್ದs ಬಿಡ್ತಾರ, ಅದಕ್ಕ ಒಂದೆರಡು ನುಂಗತೀನಿ’ ಅಂದಿದ್ಲು.”

ಮಣ್ಣು ಮಾಡಿ ಬಂದ ದಿನವೂ ಅಳದಿದ್ದ ಮನುಷ್ಯ ಅವತ್ತು ಅತ್ತ. ಹಾಜರಾಬಿ ಒಣಗಿದ ಬಟ್ಟೆಗಳನ್ನು ಎದೆಗೆ ಅವಚಿಕೊಂಡು ಅಲ್ಲೇ ನಿಂತಿದ್ದಳು.

ಮಳೆಗಾಲಕ್ಕೆ ನನ್ನಲ್ಲಿ ಒಂದು ಚಿಗುರು ಒಡೆಯಿತು. ಚನ್ನಮಲ್ಲಪ್ಪ ಕನ್ನಡಕ ಹಾಕಿಕೊಂಡು, ನೆಲಕ್ಕೆ ಮೊಣಕಾಲೂರಿ ನೋಡಿದ. ಅದು ಕಸಿಯ ಗಂಟಿಗಿಂತ ಮೇಲೆಯೇ ಇತ್ತು, ಕಾಡುಚಿಗುರಲ್ಲ. ಆಮೇಲಿನ ವರ್ಷಗಳಲ್ಲಿ ಗಿಡದ ಕೆಲಸವನ್ನೆಲ್ಲ ಅವನು ಕಲಿತ. ಕಾಯಿಗಳನ್ನು ಓಣಿಯ ಮನೆಮನೆಗೆ ಕೊಟ್ಟುಬಂದ.

ಅವನ ಮೊಣಕಾಲು ಸೋತು, ಮಾಳಿಗೆಯೂ ಸೋರತೊಡಗಿದಾಗ ಹಾಜರಾಬಿಯ ಒಬ್ಬನೇ ಮಗ, ಲಾರಿ ಓಡಿಸುವ ಮೌಲಾಲಿ, ನನ್ನನ್ನು ಹೊತ್ತು ಕೆಳಗಿನ ಅಂಗಳಕ್ಕೆ ಇಳಿಸಿದ. ಈಗ ನಾನು ಅಲ್ಲೇ ಇದ್ದೇನೆ, ಹಾಜರಾಬಿಯ ಕೈಯಲ್ಲಿ. ವಯಸ್ಸಾಗಿದೆ. ಕಾಯಿ ಕಡಿಮೆ, ಸಿಪ್ಪೆ ದಪ್ಪ. ನೆಲದ ಮರಗಳು ನೀರನ್ನು ಹುಡುಕಿಕೊಂಡು ಹೋಗುತ್ತವೆ. ಕುಂಡದಲ್ಲಿರುವ ನನಗೆ ಯಾರಾದರೂ ತಂದುಕೊಟ್ಟದ್ದೇ ಬದುಕು. ಅದಕ್ಕೇ ಮನುಷ್ಯರ ಕೈಗಳನ್ನು ಇಷ್ಟು ಬಲ್ಲೆ.

ಕಳೆದ ಚಳಿಗಾಲ ಮೌಲಾಲಿಯ ಲಾರಿ ಘಾಟಿಯಲ್ಲಿ ಉರುಳಿತು. ಅವನು ಉಳಿಯಲಿಲ್ಲ. ಅಂಗಳದ ತುಂಬ ಜನ ಬಂದರು. ತಿನ್ನು ಎಂದರು, ಮಲಗು ಎಂದರು, ದೇವರ ಇಚ್ಛೆ ಎಂದರು. ಹಾಜರಾಬಿ ಅಂಗಳದಲ್ಲಿ ಕೂತಲ್ಲಿಂದ ಏಳಲಿಲ್ಲ, ಏನನ್ನೂ ಮುಟ್ಟಲಿಲ್ಲ. ಎಲ್ಲರೂ ಹೋದಮೇಲೆ ಚನ್ನಮಲ್ಲಪ್ಪ ಗೋಡೆ ಹಿಡಿದು ಮೆಟ್ಟಿಲಿಳಿದು ಬಂದ. ಬರಿಗೈಯಲ್ಲಿ. ನನ್ನ ಪಕ್ಕದ ಕಟ್ಟೆಯ ಮೇಲೆ ಕೂತ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ. ಮಧ್ಯಾಹ್ನ ಕಳೆಯಿತು, ಬಿಸಿಲು ಗೋಡೆ ಏರಿತು.

ಹಾಜರಾಬಿ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕಡೆ ನೋಡಿದಳು.

“ಉಂಡಿಲ್ಲೇನು ಅಣ್ಣಾ?”

“ಇಲ್ಲ.”

“ಏಳ್ರಿ. ಇಬ್ಬರೂ ಉಣ್ಣೂಣು.”

ಅವಳು ಮೊದಲು ಎದ್ದಳು. ಒಳಗಿನಿಂದ ತಾಟು ಇಟ್ಟ ಸದ್ದು ಕೇಳಿಸಿತು.