ಸರ್ದಾರನ ಹಣೆ

ಶಿವಲಿಂಗಮ್ಮನನ್ನು ಆಕೆಯದೇ ಟಗರು ಮೂರನೇ ಸಲ ಕೆಡವಿದಾಗ ಕುರಿಹಟ್ಟಿಯ ಬಾಗಿಲಲ್ಲಿ ನಿಂತು ನೋಡಿದವನು ಮೈದುನ ದ್ಯಾಮಣ್ಣ. ನಕ್ಕಿದ್ದರೆ ಬೈದು ಕಳಿಸಬಹುದಿತ್ತು. ಪುಣ್ಯಾತ್ಮ ನಗಲಿಲ್ಲ, ಕೈಹಿಡಿದು ಎಬ್ಬಿಸಿದ. ಅದೇ ಆಕೆಯ ಹೊಟ್ಟೆ ಉರಿಸಿತು.

ಗಂಡ ಯಮನೂರಪ್ಪ ಹಾವು ಕಡಿದು ಸತ್ತ ಮೇಲೆ, ಎರಡು ವರ್ಷದಿಂದ ನಲವತ್ತು ಕುರಿಗಳನ್ನು ಇರಕಲ್ಲಗಡದ ಗುಡ್ಡದಲ್ಲಿ ಒಬ್ಬಳೇ ಮೇಯಿಸುತ್ತ ಬಂದವಳು ಆಕೆ. ಈಗ ದ್ಯಾಮಣ್ಣ, ಟಗರಿಗೇ ಬೀಳುವವಳು ನಾಳೆ ತೋಳಕ್ಕೆ ಏನು ಎದುರು ನಿಂತಾಳು, ಸೋಮವಾರ ಬಂದು ಹಿಂಡನ್ನು ಕುಷ್ಟಗಿಗೆ ಹೊಡೆದುಕೊಂಡು ಹೋಗುತ್ತೇನೆ, ನೀನೂ ಬಂದು ನಮ್ಮ ಮನೆಯಲ್ಲಿ ಉಂಡುಕೊಂಡಿರು ಎಂದ. ಕುರಿ ಹೋದರೆ ಆಕೆಗೆ ಉಳಿಯುವುದು ಮೈದುನನ ಮನೆಯ ಒಲೆ ಊದುವುದಷ್ಟೇ. ಟಗರನ್ನು ಮಾರಿಬಿಟ್ಟರೆ? ಅದನ್ನೂ ಯೋಚಿಸಿದಳು. ಮಾರಿದರೆ ದ್ಯಾಮಣ್ಣನ ಮಾತು ಖರೆಯಾದಂತೆ. ಬೇಡವೇ ಬೇಡ.

ಸೊಂಟ ಹಿಡಿದುಕೊಂಡೇ ಹಂಪವ್ವನ ಹತ್ತಿರ ಹೋದಳು. ನಲವತ್ತು ವರ್ಷ ಕುರಿ ಕಾಯ್ದ ಆ ಮುದುಕಿ ಪೆಟ್ಟನ್ನು ನೋಡಲೇ ಇಲ್ಲ, ಒಂದೇ ಮಾತು ಕೇಳಿದಳು.

"ಮರಿ ಇದ್ದಾಗ ಅದರ ಹಣಿ ತಿಕ್ಕಿದ್ಯೇನ?"

ಶಿವಲಿಂಗಮ್ಮ ತಲೆ ತಗ್ಗಿಸಿದಳು. ಅದು ತಾಯಿ ಸತ್ತ ಮರಿ. ಬಾಟಲಿ ಹಾಲು ಕುಡಿಸಿ ಸಾಕಿ, ಸರ್ದಾರ ಎಂದು ಹೆಸರಿಟ್ಟಿದ್ದಳು. ಸಂಜೆಯಾದರೆ ಅಂಗೈಯನ್ನು ಅದರ ಹಣೆಗೊತ್ತಿ ದೂಕುವುದು, ಅದು ತಿರುಗಿ ದೂಕುವುದು, ತಾನು ಸೋತಂತೆ ಬೀಳುವುದು. ಗಂಡ ಸತ್ತ ವರ್ಷ ಆಕೆ ನಕ್ಕಿದ್ದೇ ಆ ಆಟದಲ್ಲಿ. ಟಗರುಮರಿಯ ಹಣೆ ಮುಟ್ಟಿದರೆ ಅದಕ್ಕೆ ಗುದ್ದುವ ಚಟ ಹತ್ತುತ್ತದೆಂದು ಕುರುಬರ ಕೂಸಿಗೂ ಗೊತ್ತು. ಗೊತ್ತಿದ್ದೂ ಮುಟ್ಟಿದ್ದಳು, ಮಾಡಿದ್ದನ್ನು ಉಣ್ಣಬೇಕಲ್ಲ! ಸರ್ದಾರನ ಲೆಕ್ಕದಲ್ಲಿ ಆಕೆ ತಾಯಿಯೂ ಅಲ್ಲ, ಒಡತಿಯೂ ಅಲ್ಲ. ದಿನಾ ಸೋಲುವ ಇನ್ನೊಂದು ಟಗರು.

"ಅದು ಹಿಂದ ಸರದಾಗ ಅಂಜೇತಿ ಅಂತ ತಿಳಕೊಂಡು ನೀ ನಿಂತುಬಿಡ್ತಿ," ಎಂದಳು ಹಂಪವ್ವ. "ಅದು ಅಂಜಿ ಸರಿಯಂಗಿಲ್ಲವ್ವಾ, ಓಡಿ ಬರಾಕ ಜಾಗಾ ಮಾಡ್ಕೊಂತೈತಿ. ಜಾಗಾ ಕೊಡಬ್ಯಾಡ. ಅದು ಹಿಂದ ಹೋದಷ್ಟು ನೀ ಮುಂದ ಹೋಗು, ಗದ್ದಾ ಹಿಡದು ಮ್ಯಾಲೆತ್ತು. ತಲಿ ತಗ್ಗಸದ ಟಗರು ಗುದ್ದೂದಿಲ್ಲ."

ಹೇಳುವುದು ಸುಲಭ. ಶುಕ್ರವಾರ ಮೊಣಕಾಲು ತರಚಿತು. ಶನಿವಾರ ಮುಂದೆ ಹೋದಳು, ಆದರೆ ಅರ್ಧದಲ್ಲೇ ನಿಂತುಬಿಟ್ಟಳು. ಮತ್ತೆ ಮಣ್ಣು ಮುಕ್ಕಿದಳು. ಭಾನುವಾರ ಕಚ್ಚೆ ಬಿಗಿದು ಇಳಿದಳು. ಸರ್ದಾರ ನಾಲ್ಕು ಹೆಜ್ಜೆ ಹಿಂದೆ ಸರಿಯಿತು, ಆಕೆ ನಾಲ್ಕು ಹೆಜ್ಜೆ ಮುಂದೆ ಹೋದಳು. ಇನ್ನೆರಡು ಸರಿಯಿತು, ಇನ್ನೆರಡು ಹೋದಳು. ಕೊನೆಗೆ ಅದರ ಹಿಂಗಾಲು ಬೇಲಿಗೆ ತಾಗಿತು, ಗದ್ದ ಆಕೆಯ ಕೈಗೆ ಸಿಕ್ಕಿತು. ಟಗರು ಬುಸುಗುಟ್ಟಿ, ಕೊಸರಾಡಿ, ಸುಮ್ಮನೆ ನಿಂತಿತು.

ಸಂಜೆ ಅದು ಆಟಕ್ಕೆಂದು ಹಣೆ ಚಾಚಿ ಬಂದಾಗ ಆಕೆ ಕೈ ಹಿಂದಕ್ಕೆ ಕಟ್ಟಿಕೊಂಡಳು. ಅಳು ಬಂತು, ಅತ್ತಳು. ಕೈ ಮಾತ್ರ ಬಿಚ್ಚಲಿಲ್ಲ.

ಸೋಮವಾರ ದ್ಯಾಮಣ್ಣ ಬಂದ. ಆಕೆ ಅವನ ಎದುರಿಗೇ ಹಟ್ಟಿಗಿಳಿದು, ಟಗರನ್ನು ಬೇಲಿಗೊತ್ತಿ, ಗದ್ದ ಹಿಡಿದು ನಿಲ್ಲಿಸಿದಳು. ಅವನು ಮೀಸೆ ಸವರಿಕೊಂಡ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಆಯಿತು, ಈಗ ಇರಲಿ, ಅಮಾವಾಸ್ಯೆ ಕಳೆದ ಮೇಲೆ ಹಿಂಡಿನ ವಿಚಾರ ಮತ್ತೆ ನೋಡೋಣ ಎಂದ.

ಶಿವಲಿಂಗಮ್ಮ ಅವನ ಕಾಲು ಸರಿದದ್ದನ್ನೇ ನೋಡಿದಳು. ಹಟ್ಟಿಯಿಂದ ಹೊರಬಂದು, ನಡುವೆ ಒಂದು ಮೊಳವೂ ಉಳಿಯದಂತೆ ಎದುರು ನಿಂತಳು.

"ಅಮಾಸಿಗೂ ಇಲ್ಲ, ಹುಣ್ಣಿವಿಗೂ ಇಲ್ಲ, ದ್ಯಾಮಣ್ಣ. ಹಿಂಡು ಯಾರದು? ಈಗ ಹೇಳಿ ಹೋಗು."

ಅವನು ಆಚೀಚೆ ನೋಡಿದ. ಹಿಂದೆ ಮನೆಯ ಕಲ್ಲುಗೋಡೆ.

"ನಿಂದು, ವೈನಿ," ಎಂದ.

ಆಕೆ ಕುರಿ ಬಿಟ್ಟುಕೊಂಡು ಗುಡ್ಡದ ಕಡೆ ಹೊರಟಳು. ಸರ್ದಾರನನ್ನು ತನ್ನ ಮುಂದೆಯೇ ನಡೆಸಿದಳು. ಅದಕ್ಕೆ ಬೆನ್ನು ತೋರಿಸುವಷ್ಟು ನಂಬಿಕೆ ಆಕೆಗಿನ್ನೂ ಬಂದಿರಲಿಲ್ಲ.