ವೀರೇಂದ್ರನ ಪಾದದ ಅಳತೆ

ಎರೆಮಣ್ಣು ಶಾವಲಿಯ ಗುದ್ದಲಿಗೆ ಮೆತ್ತಿಕೊಂಡೇ ಮೇಲೆ ಬರುತ್ತಿದೆ, ಕಾಲುವೆಯ ಬಸಿನೀರು ಮಸ್ಕಿಯ ರುದ್ರಭೂಮಿಗೂ ಬಂತೇ ಎಂದು ವಿರೂಪಾಕ್ಷಪ್ಪ ನೋಡುತ್ತ ನಿಂತ, ಪಾದದ ಅಳತಿ ಕೊಡ್ರಿ ಸಾವ್ಕಾರ್ರ, ಸತ್ತೋರ ಪಾದದಾಗ ಒಂಬತ್ತು ಪಾದ ಕುಣಿ ಅಲ್ಲೇನ್ರಿ ನಿಮ್ಮ ಮಂದ್ಯಾಗ, ಕುಣಿ ತೋಡುವ ಶಾವಲಿ ಕೇಳುತ್ತಾನೆ — ಎಲ್ಲಿಂದ ತರಲೋ ಪಾದವನ್ನು, ತಮ್ಮ ವೀರೇಂದ್ರ ದಕ್ಷಿಣ ಧ್ರುವದ ಕಡಲಲ್ಲಿ ಮಂಜುಗಡ್ಡೆಯ ಕೆಳಗೆ ಹೋದ, ದೋಣಿ ಮಗುಚಿತು, ಹೆಣ ಸಿಗಲಿಲ್ಲ, ಬಂದದ್ದು ಒಂದು ಪೆಟ್ಟಿಗೆ, ಅದರಲ್ಲಿ ಉಣ್ಣೆಬಟ್ಟೆ, ಬೂಟು, ಅವ್ವ ಕಟ್ಟಿಸಿದ್ದ ಲಿಂಗ, ಆ ಲಿಂಗವನ್ನೇ ಇವತ್ತು ಮಣ್ಣು ಮಾಡಬೇಕು. ಇಪ್ಪತ್ತೆರಡು ವರ್ಷ ಹಡಗಿನ ಮೇಲಿದ್ದು ಕಡಲಿನ ಆಳ ಅಳೆದ, ಬೇರೆಯವರ ಹಡಗು ಬಂಡೆಗೆ ಬಡಿಯದಿರಲೆಂದು ಹಿಮದ ಕೊಲ್ಲಿಗಳ ನಕ್ಷೆ ಬರೆದ, ಚಿಕ್ಕಂದಿನಲ್ಲಿ ಸಿಂಧನೂರಿನ ಕಾಲುವೆಯ ಸೇತುವೆ ಮೇಲಿಂದ ಹಗ್ಗಕ್ಕೆ ಕಲ್ಲು ಕಟ್ಟಿ ಬಿಡುತ್ತಿದ್ದವನು, ಅಣ್ಣಾ, ಆರು ಮೊಳ ಐತಿ ನೋಡು, ನೀ ಬಿದ್ದರ ಎಷ್ಟು ಮೊಳ ಅಂತ ನಾ ಅಳೀತೀನಿ ಬಾ ಲೇ, ಎಂದು ತಾನು ಕಿವಿ ಹಿಡಿದು ಎಳೆದು ತಂದಿದ್ದ, ಬಡಿದಿದ್ದ, ಬಡಿಯುವುದೊಂದೇ ಗೊತ್ತಿತ್ತು ಈ ಕೈಗೆ, ಪರದೆಯ ಕೆಳಗೆ — ಬೇಡ, ಅದು ಬೇಡ.

ತಮ್ಮನ ಹೆಂಡತಿ ಅನುಪಮಾ ಬೂಟು ಎತ್ತಿಕೊಂಡು ಬಂದಳು, ಇದರಿಂದ ಅಳೀರಿ ಭಾವಾರ, ಏ ಹುಚ್ಚಿ, ಮೂರು ಜೊತಿ ಕಾಲುಚೀಲದ ಮ್ಯಾಲ ಹಾಕೋ ಬೂಟು ಅದು, ಅವನ ಪಾದ ಅಲ್ಲ, ಎಂದು ಸಿಡಿದ, ಹಂಗಾರ ನಿಮಗ ಗೊತ್ತೈತೇನ್ರಿ ಅವರ ಪಾದ, ಅಂದಳು ಮೆಲ್ಲಗೆ. ಇಲ್ಲ. ಹೇಗೆ ಗೊತ್ತಿರಬೇಕು. ಅವ್ವ ಸತ್ತಾಗ ತಮ್ಮ ಫೋನಿನಲ್ಲಿ ಅತ್ತಿದ್ದ, ಮಂಜು ಕರಗೋತನಕ ಹಡಗು ಅಳ್ಳಾಡಂಗಿಲ್ಲ ಅಣ್ಣಾ, ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ತಾನು ನಾಲ್ಕು ಮಂದಿಗೆ ಕೇಳುವಂತೆ ಕೂಗಿದ್ದ, ಅವ್ವನ ಮಣ್ಣಿಗೆ ಬರದವನ ಕಾಲು ನನ್ನ ಹೊಸ್ತಿಲ ದಾಟಬಾರದು. ದಾಟಲಿಲ್ಲ. ಹುಟ್ಟಿದಾಗಿನಿಂದ ಒಂದು ಮಾತು ಕೇಳದವನು ಅದೊಂದನ್ನು ಕೇಳಿದ, ಮರುವರ್ಷ ರಜೆಗೆ ಬಂದು ಬಾಗಿಲಾಚೆ ನಿಂತ, ಅಣ್ಣಾ, ಅಂದ, ಮತ್ತೊಮ್ಮೆ, ಅಣ್ಣಾ, ಒಳಗೆ ರೊಟ್ಟಿ ಮುರಿಯುತ್ತ ಕುಳಿತಿದ್ದ ತಾನು ತಲೆ ಎತ್ತಲಿಲ್ಲ, ತಲೆ ತಗ್ಗಿಸಿದ್ದಕ್ಕೇ ಕಂಡಿತು, ಸುಳ್ಳು ಯಾಕೆ, ಕಂಡಿತ್ತು, ಬೇಕಾದರೆ ಈ ಮಣ್ಣಿನ ಮೇಲೆ ಬೆರಳಿನಿಂದ ಗೀರಿ ತೋರಿಸಬಲ್ಲ, ಅಳತಿ ಸಾವ್ಕಾರ್ರ, ಹೊತ್ತಾಕತ್ತೈತಿ, — ಬಾಗಿಲ ಪರದೆಯ ಕೆಳಗೆ ಎರಡು ಬರಿಗಾಲು, ಎಡಗಾಲಿನ ಎರಡು ಬೆರಳು ಚಳಿಗೆ ಸತ್ತು ಕರ್ರಗಾಗಿವೆ, ಹೊಸ್ತಿಲಿನಿಂದ ಒಂದು ಗೇಣು ಆಚೆ, ಒಂದೇ ಗೇಣು,