ಆರ್ವಿಡ್‌ನ ಮೊಣಕೈ

ಅದು ವೇಲ್ ಅಲ್ಲ ಮಹಾರಾಯ, ಕಾಪರ್, ವಿಮಾನದ ರೆಕ್ಕೆಯ ಕೆಳಗೆ ಆಗಲೇ ಜಾರಿಹೋಗುತ್ತಿದೆ, ಪಕ್ಕದ ಸೀಟಿನ ಗಡ್ಡದವನು ನನ್ನ ಹೆಗಲ ಮೇಲಿಂದ ಫೋನು ಚಾಚಿ ವೇಲ್ ವೇಲ್ ಎಂದು ಹೆಂಡತಿಗೆ ತೋರಿಸುತ್ತಿದ್ದಾನೆ, ಹಿಮವಿಲ್ಲದ ಸೆಪ್ಟೆಂಬರಿನಲ್ಲಿ ಇವರಿಗೆ ಎಲ್ಲ ಗುಡ್ಡವೂ ಒಂದೇ — ಡೆನ್ವರ್ ಬಿಟ್ಟು ಇನ್ನೂ ಅರ್ಧ ಗಂಟೆಯಾಗಿಲ್ಲ, ನಾನು ಐದು ಸ್ಕೀ ಗುಡ್ಡಗಳನ್ನು ಹೆಸರು ಹಿಡಿದು ಕರೆದಾಯಿತು, ಹೆದ್ದಾರಿ ಸುರಂಗ ಹೊಕ್ಕ ಕಡೆ ಲವ್‌ಲ್ಯಾಂಡ್, ಮರವೇ ಇಲ್ಲದ ಬೋಳು ನೆತ್ತಿಯಿಂದ ಇಳಿಯುವುದು ಅರಾಪಹೋ, ಆಮೇಲೆ ಕೀಸ್ಟೋನ್, ಸಾಲಾಗಿ ಶಿಖರ ನಿಲ್ಲಿಸಿಕೊಂಡ ಬ್ರೆಕೆನ್‌ರಿಜ್, ಈಗ ಕಾಪರ್, ಒಂದೂ ತಪ್ಪಿಲ್ಲ. ಜನ ಹಿಮ ಹುಡುಕುತ್ತಾರೆ, ಹಿಮವೇನು, ಎಲ್ಲ ಬೆಟ್ಟಕ್ಕೂ ಬೀಳುತ್ತದೆ, ನೋಡಬೇಕಾದ್ದು ಕಾಡಿನಲ್ಲಿ ಕಡಿದ ದಾರಿಯನ್ನು, ಅದು ಕಡಿದವನ ಕೈಬರಹ, ಒಂದು ಗುಡ್ಡದ್ದು ಇನ್ನೊಂದನ್ನು ಹೋಲುವುದಿಲ್ಲ. ಅಜ್ಜೀ, ಇದೆಲ್ಲ ನಿಮ್ಗೆ ಹೆಂಗ್ ಗೊತ್ತು, ಎಂದ ಗಡ್ಡದವನು, ಅಜ್ಜಿಯಂತೆ, ಅರವತ್ತಾರಕ್ಕೇ ಅಜ್ಜಿ, ಮೂವತ್ತು ವರ್ಷ ಗುಡ್ಡದ ಮೇಲೆ ಹಿಮ ಸಮ ಮಾಡೋ ಯಂತ್ರ ಓಡ್ಸಿದೀನಿ ಕಣಪ್ಪ, ಆ ಕಡೆ ನೋಡು, ಹೆದ್ದಾರಿಗೆ ಅಂಟಿಕೊಂಡು ಉದ್ದಕ್ಕೆ ಬಿದ್ಕೊಂಡಿದೆಯಲ್ಲ, ಅದು ನಿನ್ನ ವೇಲ್. ಓ, ಹೌದಲ್ವಾ, ಎಂದ. ಹೌದಲ್ಲದೆ ಮತ್ತೇನು. ಇನ್ನು ಬೀವರ್ ಕ್ರೀಕ್, ಅದರಾಚೆ ನನ್ನದು, ನಾನು ದುಡಿದ ಹಾಬಲ್ ಪೀಕ್, ಮುಚ್ಚಿ ಹದಿನೇಳು ವರ್ಷವಾಯಿತು, ಇಷ್ಟು ಸಲ ಹಾರಿದರೂ ಮೇಲಿನಿಂದ ನೋಡಿಲ್ಲ, ಪ್ರತಿ ಸಲ ಮೋಡ, ಇಲ್ಲವೇ ಬಲಗಡೆಯ ಸೀಟು. ಈ ಸಲ ಎಡ ಕಿಟಕಿಯನ್ನೇ ಕೇಳಿ ಪಡೆದಿದ್ದೇನೆ.

ನೋಡಿಕೊಂಡೇ ಹೋಗಬೇಕು ಅವನ ಹತ್ತಿರ, ಅಣ್ಣನ ಹತ್ತಿರ, ನಾಳೆ ಬೆಳಿಗ್ಗೆ ಸಾಲ್ಟ್ ಲೇಕಿನ ಆಸ್ಪತ್ರೆಯಲ್ಲಿ ಅವನ ಎದೆ ತೆರೆಯುತ್ತಾರಂತೆ, ಹನ್ನೆರಡು ವರ್ಷ ಮಾತಿಲ್ಲದವನು ಮೊನ್ನೆ ಫೋನು ಮಾಡಿ ಟೋರಾ, ನಾನು ಆರ್ವಿಡ್, ಎಂದ, ದನಿ ಗೊತ್ತಾಗುವುದಿಲ್ಲವೇನೋ ಎಂಬಂತೆ, ಬರ್ತೀಯಾ ಎಂದ, ಬರ್ತೀನಿ ಎಂದೆ, ಅಷ್ಟೇ. ಹೇಳುವ ಮಾತನ್ನು ಸಿದ್ಧ ಮಾಡಿಟ್ಟುಕೊಂಡಿದ್ದೇನೆ, ಹೋಗ್ಲಿ ಬಿಡು ಆರ್ವಿಡ್, ನಿನ್ನ ತಪ್ಪನ್ನ ಕ್ಷಮಿಸಿದೀನಿ, ಕೈ ಹಿಡಿದುಕೊಂಡೇ ಹೇಳುತ್ತೇನೆ, ದೊಡ್ಡ ಮನಸ್ಸು ಅಂದರೆ ಹಾಗಿರಬೇಕು. ತಪ್ಪು ಅವನದೇ, ಅದರಲ್ಲಿ ಎರಡು ಮಾತಿಲ್ಲ, ಹೊಸ ಜಾರುದಾರಿಗೆ ಕಡಿಯಬೇಕಾದ ಮರ ಗುರುತು ಮಾಡಿದ್ದು ನಾನು, ಇಪ್ಪತ್ತರ ಹುಡುಗಿ, ಮಾರ್ಚಿನಲ್ಲಿ ಸ್ಕೀ ಕಟ್ಟಿಕೊಂಡು ಮರಮರಕ್ಕೆ ಕಿತ್ತಳೆ ರಿಬ್ಬನ್ ಬಿಗಿದೆ, ಮೇಲಿನರ್ಧ ಒಂದು ದಿನ, ಕೆಳಗಿನರ್ಧ ಮರುದಿನ, ಮೊದಲ ದಿನ ಮೋಡ ಇಳಿದು ಹತ್ತು ಹೆಜ್ಜೆ ಆಚೆ ಕಾಣುತ್ತಿರಲಿಲ್ಲ, ಆದರೇನು, ಆ ಗುಡ್ಡ ನನಗೆ ಕಣ್ಣು ಮುಚ್ಚಿದರೂ ಗೊತ್ತು. ನನ್ನ ಎದೆಮಟ್ಟಕ್ಕೆ ಕಟ್ಟಿದ್ದು, ಕೆಳಗೆ ಎರಡಾಳು ಹಿಮ, ಜೂನಿನಲ್ಲಿ ಹಿಮ ಕರಗಿದ ಮೇಲೆ ರಿಬ್ಬನ್ನುಗಳೆಲ್ಲ ತಲೆಯ ಮೇಲೆ ಎಲ್ಲೋ ಕೊಂಬೆಗಳ ನಡುವೆ, ಗರಗಸ ಹಿಡಿದ ಆರ್ವಿಡ್ ಮತ್ತು ಅವನ ಆಳುಗಳು ಕತ್ತೆತ್ತಿ ನೋಡಲಿಲ್ಲ, ದಾರಿ ನಟ್ಟನಡುವೆ ಬಾಗಿಬಿಟ್ಟಿತು. ಗುಡ್ಡದ ಯಜಮಾನ ಪ್ರೂಯಿಟ್ ಆಗಸ್ಟಿನಲ್ಲಿ ಹತ್ತಿ ಬಂದು ಟೋಪಿ ನೆಲಕ್ಕೆ ಬಡಿದ, ನೇರ ದಾರಿ ಕೇಳಿದ್ರೆ ಮೊಣಕೈ ಮಾಡಿಟ್ಟಿದೀಯಲ್ಲೋ, ರಿಬ್ಬನ್ ಕಟ್ಟಿದ್ದು ಯಾರು, ಎಲ್ಲ ನನ್ನ ಕಡೆ ತಿರುಗಿದರು, ನಾನು ನೇರಕ್ಕೇ ಕಟ್ಟಿದ್ದೆ ಎಂದೆ. ಕಟ್ಟಿದ ಮರಗಳೆಲ್ಲ ಆಗಲೇ ಉರುಳಿ ಸುಟ್ಟು ಬೂದಿಯಾಗಿದ್ದವು. ಆರ್ವಿಡ್ ನನ್ನ ಮುಖ ನೋಡಿದ, ಗರಗಸದ ಸರಪಳಿ ಒರೆಸಿದ, ಅವತ್ತೇ ಅವನನ್ನು ಕೆಲಸದಿಂದ ತೆಗೆದರು, ಯೂಟಾಕ್ಕೆ ಹೋದ. ದಾರಿಗೆ ಆರ್ವಿಡ್‌ನ ಮೊಣಕೈ ಎಂದು ಹೆಸರಿಟ್ಟವಳೂ ನಾನೇ, ತಮಾಷೆಗೆ, ನಕ್ಷೆಯಲ್ಲಿ ಅಚ್ಚೇ ಆಗಿಹೋಯಿತು, ಎಷ್ಟೋ ಚಳಿಗಾಲ ಅದೇ ಬಾಗಿನಲ್ಲಿ ಯಂತ್ರ ತಿರುಗಿಸಿದೆ, ಎರಡೂ ಕಡೆ ಸ್ಪ್ರೂಸ್ ಮರಗಳ ಗೋಡೆ, ಗಾಜಿನ ಮುಂದೆ ಮೂವತ್ತು ಹೆಜ್ಜೆ ಹಿಮ, ಅದಕ್ಕಿಂತ ಹೆಚ್ಚು ಕಾಣುವುದಿಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನ ಊಟದ ಮೇಜಿನಲ್ಲಿ ಎಲ್ಲರೆದುರು ಕೇಳಿದೆ, ಒಂದ್ಸಲ ಕತ್ತೆತ್ತಿ ಮೇಲೆ ನೋಡಿದ್ರೆ ನಿನ್ನ ಗಂಟೇನ್ ಹೋಗ್ತಿತ್ತೋ, ಅವನು ಆಲೂಗಡ್ಡೆಯ ತಟ್ಟೆ ಕೆಳಗಿಟ್ಟ, ನೋಡ್ದೆ ಕಣೆ, ನೋಡಿದ್ದಕ್ಕೇ ಹಂಗಾಯ್ತು. ಎಂಥ ಜಾರಿಕೊಳ್ಳುವ ಮಾತು ಎಂದು ಎದ್ದು ಬಂದೆ, ಅಲ್ಲಿಗೆ ಮಾತು ನಿಂತಿತು.

ಬೀವರ್ ಕ್ರೀಕ್ ಹೋಯಿತು, ಸರಿ, ಈಗ, ಕಪ್ಪು ಸ್ಪ್ರೂಸ್ ಕಾಡು, ಅದೋ, ಬಂತು, ಅಯ್ಯೋ ನನ್ನಪ್ಪ, ಚಿನ್ನ — ಬಿಟ್ಟುಹೋದ ದಾರಿಗಳ ತುಂಬ ಆಸ್ಪೆನ್ ಮರ ಎದ್ದಿವೆ, ಎಲೆಯೆಲ್ಲ ಹಳದಿ ತಿರುಗಿದೆ, ಕಪ್ಪಿನ ಮೇಲೆ ಅರಿಶಿನದಲ್ಲಿ ಬರೆದಿಟ್ಟಂತಿದೆ, ಲಿಫ್ಟಿನ ದಾರಿ ಅದು, ಮಕ್ಕಳ ಇಳಿಜಾರು ಅದು, ಆ ಕೊನೆಯದು ಅವನ ಮೊಣಕೈ, ಮೇಲಿನರ್ಧ, ಬಾಗು, ಕೆಳಗಿನರ್ಧ, ಎಷ್ಟು ಸ್ಪಷ್ಟ. ಬಾಗದೆ ಹಾಗೇ ನೇರ ಬಂದಿದ್ದರೆ ಎಷ್ಟು ಚೆಂದವಿರುತ್ತಿತ್ತು, ವಿಮಾನದ ಚೀಟಿಯ ಅಂಚನ್ನು ಗಾಜಿಗೆ ಒತ್ತಿ ಮೇಲಿನರ್ಧದ ಗೆರೆಗೆ ಹೊಂದಿಸುತ್ತೇನೆ, ಕೆಳಕ್ಕೆ ಎಳೆಯುತ್ತೇನೆ, ಕೆಳಗಿನರ್ಧಕ್ಕೆ ಕೂಡಬೇಕು, ಕೂಡುತ್ತಿಲ್ಲ. ಚೀಟಿ ಓರೆಯಾಗಿರಬೇಕು. ಮತ್ತೆ ಇಡುತ್ತೇನೆ. ಕೂಡುತ್ತಿಲ್ಲ, ಗೆರೆ ಎಡಕ್ಕೆ ಸರಿಯುತ್ತಿದೆ, ಅಲ್ಲಿ ಮರಗಳ ಹಿಂದೆ ಒಂದು ಬೂದು ಬಣ್ಣದ ಬಂಡೆ, ಗುಡ್ಡವೇ ಕಡಿದುಹೋದ ಹಾಗೆ, ಇಪ್ಪತ್ತಾಳು ಆಳದ ಪ್ರಪಾತ, ನನ್ನ ಮೇಲಿನರ್ಧ ಸೀದಾ ಅದರ ಬಾಯಿಗೆ. ನನ್ನದು, ಮೋಡದಲ್ಲಿ ಕಟ್ಟಿದ್ದು, ಕಣ್ಣು ಮುಚ್ಚಿದರೂ ಗೊತ್ತಿದ್ದ ಗುಡ್ಡ. ಅವನು ಕತ್ತೆತ್ತಿದ್ದಾನೆ, ಒಂದೊಂದು ರಿಬ್ಬನ್ನನ್ನೂ ನೋಡಿದ್ದಾನೆ, ನಂಬಿ ಕಡಿದುಕೊಂಡು ಬಂದಿದ್ದಾನೆ, ಬಂಡೆಯ ಮುಂದೆ ಗರಗಸ ನಿಲ್ಲಿಸಿ, ಆಚೆ ಕೆಳಗಿನ ರಿಬ್ಬನ್ನುಗಳನ್ನು ಹುಡುಕಿ ದಾರಿಯನ್ನು ಅವಕ್ಕೆ ತಂದು ಕೂಡಿಸಿದ್ದಾನೆ. ಆಮೇಲೆ ಪ್ರೂಯಿಟ್ ಕೇಳಿದಾಗ ನನ್ನ ಮುಖ ನೋಡಿದ್ದಾನೆ. ಅಜ್ಜೀ, ಅದ್ಯಾವ್ದು, ಆ ಹಳದಿದು, ಅದಕ್ಕೇನ್ ಹೆಸರು, ಗಡ್ಡದವನು ಕೇಳುತ್ತಿದ್ದಾನೆ, ಹೇಳಬೇಕು, ನಾನಿಟ್ಟ ಹೆಸರು, ಹೋಗ್ಲಿ ಬಿಡು ಆರ್ವಿಡ್, ನಿನ್ನ ತಪ್ಪನ್ನ — ಅಲ್ಲ, ಅಲ್ಲ, ನಾಳೆ ಬೆಳಿಗ್ಗೆ ಎಂದರಲ್ಲ, ಇವತ್ತು ಸಂಜೆಯೊಳಗೆ ಅವನ ಮುಂದೆ ನಿಲ್ಲಬೇಕು, ಬೇರೆ ಮಾತು ಬೇಕು, ಒಂದೇ ಒಂದು ಮಾತು, ರೆಕ್ಕೆ ಅದರ ಮೇಲೆ ಬರುತ್ತಿದೆ, ಕೆಳಗಿನರ್ಧ ಮುಚ್ಚಿತು, ಬಂಡೆ ಮುಚ್ಚಿತು, ಉಳಿದದ್ದು ಬಾಗು, ಹಳದಿ, ನೇರ ಬಂದು, ಇನ್ನೇನು ತುದಿ ಎನ್ನುವಲ್ಲಿ ಬಾಗಿದೆ, ನೇರ ಬಂದು, ಬಾಗಿದೆ —